ಬಾಗಿಲ ಚೌಕಟ್ಟಿನ ಪಕ್ಕದ ಬಿರುಕು ಕೊನೆಗೂ ಹೋಯಿತು

ಎಷ್ಟು ಸಲ ಪೇಂಟ್ ಮಾಡಿಸಿದರೂ ಬಾಗಿಲ ಚೌಕಟ್ಟಿಗೂ ಗೋಡೆಗೂ ನಡುವೆ ಬಿರುಕು ಮತ್ತೆ ಬರುತ್ತಿತ್ತು. ಮರ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಅಲ್ಲಿ ತುಂಬಿದ್ದ ಪುಟ್ಟಿ ಗಟ್ಟಿ, ಹಿಗ್ಗುವುದಿಲ್ಲ, ಸೀಳುತ್ತದೆ. ಒಮ್ಮೆ ಸಿಲಿಕೋನ್ ಸೀಲೆಂಟ್ (ಸಂದು ತುಂಬುವ, ಒಣಗಿದ ಮೇಲೂ ಹಿಗ್ಗುವ ಪೇಸ್ಟ್) ಹಾಕಿದೆ. ಅದರ ಮೇಲೆ ಪೇಂಟ್ ನಿಲ್ಲಲೇ ಇಲ್ಲ. ಅದನ್ನು ಬ್ಲೇಡಿನಿಂದ ಕೆರೆದು ತೆಗೆಯಲು ಎರಡು ದಿನ ಬೇಕಾಯಿತು.

ಈ ಸಲ ಪೇಂಟ್ ಹಿಡಿಯುವ ಅಕ್ರಿಲಿಕ್ ಸೀಲೆಂಟ್ ತಂದೆ. ಹಳೇ ಪುಟ್ಟಿ ಕೆರೆದು, ಧೂಳು ಪೂರ್ತಿ ಒರೆಸಿದೆ. ಟ್ಯೂಬಿನ ಮೂತಿಯನ್ನು ತೀರಾ ಸಣ್ಣದಾಗಿ, ಓರೆಯಾಗಿ ಕತ್ತರಿಸಿದೆ. ಇದೇ ಮುಖ್ಯ. ತೂತು ದೊಡ್ಡದಾದರೆ ಜಾಸ್ತಿ ಸುರಿದು ಗೋಡೆಗೆಲ್ಲ ಮೆತ್ತಿಕೊಳ್ಳುತ್ತದೆ. ಒಂದೆರಡು ಅಡಿ ಎಳೆದ ತಕ್ಷಣ ಒದ್ದೆ ಬೆರಳಿನಿಂದ ಸವರಿದೆ. 24 ಗಂಟೆ ಒಣಗಿಸಿ ಪೇಂಟ್ ಹಚ್ಚಿದೆ. ಒಂದು ಬೇಸಿಗೆ ಕಳೆದಿದೆ, ಗೆರೆಯೂ ಕಾಣಿಸಿಲ್ಲ.