ಕ್ಯಾಂಪ್‌ಗ್ರೌಂಡ್ ಸಾಫ್ಟ್‌ವೇರಿನಲ್ಲಿ ಗ್ರೂಪ್ ಬುಕಿಂಗ್: ಲಿಂಕ್ ಮಾಡುವುದು, ಆಮೇಲೆ ಸಂಭಾಳಿಸುವುದು

ಎಂಟು ಕುಟುಂಬ, ಎಂಟು ಸೈಟು (ಟೆಂಟು ಹಾಕುವ ಇಲ್ಲವೇ ಗಾಡಿ ನಿಲ್ಲಿಸಿ ಉಳಿಯುವ ಜಾಗ), ಫೋನ್ ಮಾಡಿದವರು ಒಬ್ಬರೇ. ಎಲ್ಲರಿಗೂ ಅಕ್ಕಪಕ್ಕದಲ್ಲೇ ಜಾಗ ಬೇಕು, ಅಡ್ವಾನ್ಸ್ ನಾನೇ ಕಟ್ಟುತ್ತೇನೆ, ಬಾಕಿ ಅವರವರು ಬಂದಾಗ ಕೊಡುತ್ತಾರೆ ಅನ್ನುತ್ತಾರೆ. ಕ್ಯಾಂಪ್‌ಗ್ರೌಂಡ್ ಆಫೀಸಿನಲ್ಲಿ ಕೂತವರಿಗೆ ಇದು ಹೊಸದಲ್ಲ. ಎಂಟು ಬುಕಿಂಗ್ ಹಾಕಿ ಲಿಂಕ್ ಬಟನ್ ಒತ್ತಿದರೆ ಮುಗಿಯಿತು ಅನಿಸುತ್ತದೆ. ಆದರೆ ಆ ಎಂಟರಲ್ಲಿ ಒಬ್ಬರು ಒಂದು ದಿನ ಮುಂಚೆ ಬರುತ್ತೇವೆ ಅಂದಾಗ, ಇನ್ನೊಬ್ಬರು ಬರುವುದೇ ಇಲ್ಲ ಅಂದಾಗ ನಿಜವಾದ ಕೆಲಸ ಶುರುವಾಗುತ್ತದೆ.

ಒಂದು ವಿಷಯ ಮೊದಲೇ ತಲೆಯಲ್ಲಿರಲಿ. ಲಿಂಕ್ ಮಾಡಿದ ಮಾತ್ರಕ್ಕೆ ಎಂಟು ಬುಕಿಂಗ್ ಸೇರಿ ಒಂದಾಗುವುದಿಲ್ಲ. ಪ್ರತಿಯೊಂದಕ್ಕೂ ತನ್ನದೇ ನಂಬರ್, ತನ್ನದೇ ತಾರೀಕು, ತನ್ನದೇ ಬಿಲ್ ಇರುತ್ತದೆ. ಇವರೆಲ್ಲ ಒಂದೇ ಗುಂಪಿನವರು ಅಂತ ಗುರುತು ಇಡುವುದಷ್ಟೇ ಲಿಂಕಿನ ಕೆಲಸ. ಹಾಗಾಗಿ ಯಾವ ಬದಲಾವಣೆಗೆ ಕೈ ಹಾಕಿದರೂ ಸೇವ್ ಒತ್ತುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ಈ ಒಂದು ಸೈಟಿಗೋ, ಇಡೀ ಗುಂಪಿಗೋ?

ಫೋನ್ ಇಡುವ ಮೊದಲು

ಗುಂಪಿನ ಪರವಾಗಿ ಮಾತಾಡುವವರು, ಅಂದರೆ ಲೀಡರ್ ಯಾರು, ಬದಲಾವಣೆ ಹೇಳುವ ಅಧಿಕಾರ ಯಾರಿಗೆ, ದುಡ್ಡು ಯಾರು ಕೊಡುತ್ತಾರೆ. ಈ ಮೂರೂ ಒಬ್ಬರೇ ಆಗಿರಬೇಕಿಲ್ಲ. ಇವನ್ನು ಆಗಲೇ ಕೇಳಿ ಗ್ರೂಪ್ ನೋಟಿನಲ್ಲಿ ಬರೆದಿಡಿ.

ಆಮೇಲೆ ಪ್ರತಿ ಸೈಟಿನಲ್ಲಿ ಯಾರು ಉಳಿಯುತ್ತಾರೋ ಅವರ ಹೆಸರು, ಫೋನ್ ನಂಬರ್ ತೆಗೆದುಕೊಳ್ಳಿ. ಸುಮ್ನೆ ಎಂಟಕ್ಕೂ ಲೀಡರ್ ಹೆಸರೇ ಹಾಕಿಬಿಡುವುದು ಸುಲಭ, ಗೊತ್ತು. ಆದರೆ ಬರುವ ದಿನ ಗೇಟಿನಲ್ಲಿ ನಿಂತವರು ತಮ್ಮ ಹೆಸರನ್ನೇ ಹೇಳುತ್ತಾರೆ ಅಲ್ವಾ, ಸರ್ಚ್ ಮಾಡಿದರೆ ಏನೂ ಸಿಗುವುದಿಲ್ಲ, ಹಿಂದೆ ಗಾಡಿಗಳ ಸಾಲು ಬೆಳೆಯುತ್ತದೆ. ಈಗಲೇ ಹೆಸರು ಗೊತ್ತಿಲ್ಲ ಅಂದರೆ ಲೀಡರ್ ಹೆಸರಿನ ಜೊತೆ 1, 2, 3 ಅಂತ ನಂಬರ್ ಹಾಕಿಡಿ, ಹೆಸರುಗಳ ಪಟ್ಟಿ ಕಳಿಸಲು ಅವರಿಗೆ ಒಂದು ತಾರೀಕು ಕೊಡಿ.

ಯಾರು ಟೆಂಟು, ಯಾರು ಟ್ರೇಲರ್, ಯಾರು ಆರ್‌ವಿ (ಒಳಗೇ ಉಳಿಯುವ ವ್ಯವಸ್ಥೆ ಇರುವ ಗಾಡಿ), ಗಾಡಿ ಎಷ್ಟು ಉದ್ದ, ಕರೆಂಟ್ 30 ಆಂಪ್ ಬೇಕೋ 50 ಆಂಪ್ ಬೇಕೋ, ಇದನ್ನೂ ಒಬ್ಬೊಬ್ಬರದಾಗಿ ಕೇಳಿ. ಎಲ್ಲರದೂ ಒಂದೇ ಥರ ಅಂತ ಲೀಡರ್ ಹೇಳಿದರೂ ಬಿಡಬೇಡಿ. ಸೈಟಿಗೆ ಹಿಡಿಸದ ಗಾಡಿ ಒಂದೇ ಬಂದರೂ ಅಕ್ಕಪಕ್ಕ ಅಂತ ಜೋಡಿಸಿದ ಸಾಲೆಲ್ಲ ಕೆಡುತ್ತದೆ.

ಸೈಟು ಹಾಕುವ ಕ್ರಮ

ದೊಡ್ಡ ಗಾಡಿಗಳನ್ನು ಮೊದಲು ಕೂರಿಸಿ. ಉದ್ದನೆಯ ಆರ್‌ವಿ ನಿಲ್ಲುವ ಸೈಟುಗಳು ಕಡಿಮೆ, ಟೆಂಟು ಹೆಚ್ಚಿನ ಸೈಟುಗಳಲ್ಲಿ ಹೊಂದಿಕೊಳ್ಳುತ್ತದೆ. ಅದಕ್ಕೇ ಆರ್‌ವಿ ಸೈಟು ಹಿಡಿದು ಅದರ ಸುತ್ತ ಉಳಿದವರನ್ನು ಸೇರಿಸುತ್ತಾ ಹೋಗಿ. ಈ ಕೆಲಸವನ್ನು ಲಿಸ್ಟ್ ನೋಡಿಕೊಂಡು ಮಾಡಬೇಡಿ, ಮ್ಯಾಪ್ ತೆರೆದುಕೊಳ್ಳಿ. 14 ಮತ್ತು 15 ನಂಬರಿನ ಸೈಟುಗಳು ಲಿಸ್ಟಿನಲ್ಲಿ ಪಕ್ಕಪಕ್ಕ ಕಂಡರೂ ನೆಲದ ಮೇಲೆ ಮಧ್ಯೆ ರಸ್ತೆ ಇರಬಹುದು.

ಸೈಟು ಸಿಕ್ಕ ಕೂಡಲೇ ಲಾಕ್ ಮಾಡಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕಂದರೆ ಕೆಲವು ಸಾಫ್ಟ್‌ವೇರುಗಳು ಖಾಲಿ ರಾತ್ರಿಗಳನ್ನು ತುಂಬಿಸುವುದಕ್ಕೆ ಲಾಕ್ ಇಲ್ಲದ ಬುಕಿಂಗುಗಳನ್ನು ತಾವಾಗಿಯೇ ಒಂದು ಸೈಟಿನಿಂದ ಅದೇ ಥರದ ಇನ್ನೊಂದು ಸೈಟಿಗೆ ಸರಿಸುತ್ತವೆ. ಒಂಟಿ ಬುಕಿಂಗಿಗೆ ಅದರಿಂದ ತೊಂದರೆ ಕಡಿಮೆ. ಗುಂಪಿಗೆ ಮಾತ್ರ ಏಳು ಮಂದಿ ಒಂದು ಕಡೆ, ಎಂಟನೆಯವರು ಆ ತುದಿಯಲ್ಲಿ ಅಂತಾಗುತ್ತದೆ. ಲಿಂಕ್ ಇದ್ದರೆ ಸೈಟು ಅಲುಗಾಡುವುದಿಲ್ಲ ಅಂತ ನಂಬಬೇಡಿ. ಲಿಂಕ್ ಬೇರೆ, ಲಾಕ್ ಬೇರೆ. ಎಂಟಕ್ಕೂ ಒಂದೊಂದಾಗಿ ಲಾಕ್ ಬಿದ್ದಿದೆಯಾ ನೋಡಿ.

ಇನ್ನೂ ಖಚಿತವಾಗದ ಗುಂಪಾದರೆ ಬುಕಿಂಗ್ ಮಾಡುವ ಬದಲು ಸೈಟುಗಳನ್ನು ಹೋಲ್ಡ್‌ನಲ್ಲಿಡಿ, ಅಂದರೆ ಬೇರೆಯವರಿಗೆ ಸಿಗದ ಹಾಗೆ ಸದ್ಯಕ್ಕೆ ತಡೆದಿಡಿ. ಹೋಲ್ಡ್ ಇಟ್ಟ ಮೇಲೆ ಬಿಡುಗಡೆಯ ತಾರೀಕು ಹಾಕಲೇಬೇಕು. ಹಾಕದಿದ್ದರೆ ಸೀಸನ್ನಿನ ವಾರಾಂತ್ಯಕ್ಕೆ ಸೈಟುಗಳು ಯಾರಿಗೂ ಸಿಗದೆ ಖಾಲಿ ಉಳಿಯುತ್ತವೆ.

ಕೆಲವರು ಲೀಡರನ್ನು ಕಾಯದೆ ಆನ್‌ಲೈನಿನಲ್ಲಿ ತಾವೇ ಬುಕ್ ಮಾಡಿರುತ್ತಾರೆ. ಅವರದನ್ನು ರದ್ದು ಮಾಡಿ ಹೊಸದು ಹಾಕುವ ಅಗತ್ಯವಿಲ್ಲ. ಇರುವ ಬುಕಿಂಗನ್ನು ನಂಬರಿನಿಂದ ಹುಡುಕಿ ಗುಂಪಿಗೆ ಸೇರಿಸಿದರೆ ಸಾಕು. ಸೇರಿಸುವ ಮುಂಚೆ ಅದೇ ಮನುಷ್ಯರಿಗೆ ಲೀಡರ್ ಕೂಡ ಒಂದು ಸೈಟು ಹಿಡಿದಿಲ್ಲವಲ್ಲ ಅಂತ ಹೆಸರು, ಫೋನ್ ನಂಬರ್ ಎರಡನ್ನೂ ತಾಳೆ ನೋಡಿ. ಒಬ್ಬರಿಗೇ ಎರಡು ಸೈಟು ಬೀಳುವುದು ಗ್ರೂಪ್ ಬುಕಿಂಗಿನಲ್ಲಿ ಜಾಸ್ತಿ. ಇನ್ನೊಂದು ಮಾತು: ಬುಕಿಂಗ್ ಲಿಂಕ್ ಮಾಡುವುದಕ್ಕೂ ಗ್ರಾಹಕರ ಪ್ರೊಫೈಲುಗಳನ್ನು ಮರ್ಜ್ ಮಾಡುವುದಕ್ಕೂ ವ್ಯತ್ಯಾಸವಿದೆ. ಮರ್ಜ್ ಒತ್ತಿದರೆ ಇಬ್ಬರ ಹಳೆಯ ದಾಖಲೆ, ಇಮೇಲ್ ಎಲ್ಲ ಬೆರೆತು ಹೋಗುತ್ತದೆ, ಬಿಡಿಸುವುದು ಕಷ್ಟ.

ದುಡ್ಡಿನ ಲೆಕ್ಕ

ಜಾಸ್ತಿ ತಲೆಬಿಸಿ ಆಗುವುದು ಇಲ್ಲೇ. ದುಡ್ಡು ಕಟ್ಟುವ ರೀತಿ ಮುಖ್ಯವಾಗಿ ಮೂರು. ಎಲ್ಲವೂ ಲೀಡರ್ ಬಿಲ್ಲಿಗೆ, ಎಲ್ಲವೂ ಅವರವರ ಬಿಲ್ಲಿಗೆ, ಇಲ್ಲವೇ ಅಡ್ವಾನ್ಸ್ ಲೀಡರದು, ಬಾಕಿ ಅವರವರದು. ಮೊದಲ ಎರಡರಲ್ಲಿ ಗೊಂದಲ ಕಡಿಮೆ. ಮೂರನೆಯದರಲ್ಲಿ ಹುಷಾರಾಗಿರಬೇಕು.

ಒಂದು ಲೆಕ್ಕ ನೋಡೋಣ. ಎಂಟು ಸೈಟು, ತಲಾ ಮೂರು ರಾತ್ರಿ, ಅಡ್ವಾನ್ಸ್ ಅಂದರೆ ಸೈಟಿಗೆ ಒಂದು ರಾತ್ರಿಯ ಬಾಡಿಗೆ. ಲೀಡರ್ ಒಂದೇ ಕಾರ್ಡಿನಲ್ಲಿ ಎಂಟು ರಾತ್ರಿಯ ದುಡ್ಡು ಕಟ್ಟಿದರು. ನೀವು ಅದನ್ನು ಲೀಡರ್ ಬುಕಿಂಗಿನ ಮೇಲೆ ತೆಗೆದುಕೊಂಡಿರಿ. ಈಗ ಲೀಡರ್ ಸೈಟಿಗೆ ಬರಬೇಕಾದ್ದು ಮೂರು ರಾತ್ರಿಯದು, ಬಂದದ್ದು ಎಂಟು ರಾತ್ರಿಯದು, ಐದು ರಾತ್ರಿಯ ದುಡ್ಡು ಹೆಚ್ಚಾಗಿ ಕಾಣುತ್ತದೆ. ಉಳಿದ ಏಳು ಸೈಟುಗಳಲ್ಲಿ ಮೂರೂ ರಾತ್ರಿಯದು ಬಾಕಿ ಅಂತ ತೋರಿಸುತ್ತದೆ. ಒಟ್ಟು ಮೊತ್ತ ಸರಿ ಇದೆ, ಆದರೆ ದುಡ್ಡು ಕೂತ ಜಾಗ ತಪ್ಪು. ಹೀಗೇ ಬಿಟ್ಟರೆ ಚೆಕ್ ಇನ್ ಮಾಡುವಾಗ ಏಳು ಕುಟುಂಬದಿಂದ ಪೂರ್ತಿ ದುಡ್ಡು ಕೇಳುತ್ತೀರಿ. ಜೊತೆಗೆ, ಅಡ್ವಾನ್ಸ್ ಬಾರದ ಬುಕಿಂಗುಗಳನ್ನು ತಾನಾಗಿ ರದ್ದು ಮಾಡುವ ಸೆಟ್ಟಿಂಗ್ ಆನ್ ಇದ್ದರೆ ಆ ಏಳೂ ರದ್ದಾಗುವ ಅಪಾಯವಿದೆ.

ಆದ್ದರಿಂದ ದುಡ್ಡು ತೆಗೆದುಕೊಂಡ ಕ್ಷಣದಲ್ಲೇ ಹಂಚಿ. ಗ್ರೂಪ್ ಪೇಮೆಂಟ್ ಅಂತ ಆಯ್ಕೆ ಇದ್ದರೆ ಅದರಲ್ಲೇ ಪ್ರತಿ ಸೈಟಿಗೆ ಎಷ್ಟು ಅಂತ ಬರೆಯಬಹುದು. ಇಲ್ಲದಿದ್ದರೆ ಲೀಡರ್ ಬುಕಿಂಗಿನಿಂದ ಒಂದೊಂದಕ್ಕೂ ವರ್ಗಾಯಿಸಿ. ಹಂಚಿದ ಮೇಲೆ ಪ್ರತಿಯೊಂದರಲ್ಲೂ ಎರಡು ರಾತ್ರಿಯದೇ ಬಾಕಿ ಕಾಣಬೇಕು. ಕಾಣುವ ತನಕ ಆ ಪರದೆಯಿಂದ ಎದ್ದೇಳಬೇಡಿ.

ಗುಂಪಿಗೆ ರಿಯಾಯಿತಿ ಕೊಡುವುದಿದ್ದರೆ ಲೀಡರ್ ಬಿಲ್ಲಿನಲ್ಲಿ ಒಟ್ಟಾಗಿ ಕಳೆಯಬೇಡಿ, ಪ್ರತಿ ಸೈಟಿನ ದರದಲ್ಲೇ ಕೊಡಿ. ಆಗ ತೆರಿಗೆ ಸರಿಯಾಗಿ ಲೆಕ್ಕವಾಗುತ್ತದೆ, ಒಂದು ಸೈಟು ಬಿಟ್ಟುಹೋದರೆ ಅದರ ರಿಯಾಯಿತಿಯೂ ಅದರ ಜೊತೆಗೇ ಹೋಗುತ್ತದೆ.

ತಾರೀಕು ಬದಲು, ರದ್ದು

ಒಂದು ಕುಟುಂಬ ಗುರುವಾರವೇ ಬರುತ್ತದೆ, ಉಳಿದವರು ಶುಕ್ರವಾರ. ಆ ಒಂದು ಬುಕಿಂಗ್ ತೆರೆದು ತಾರೀಕು ಬದಲಿಸಿ. ಲಿಂಕ್ ಆಗಿರುವ ಬುಕಿಂಗುಗಳಿಗೂ ಅನ್ವಯಿಸಬೇಕಾ ಅಂತ ಕೇಳಿದರೆ ಬೇಡ ಅನ್ನಿ. ಅವಸರದಲ್ಲಿ ಹೂಂ ಅಂದರೆ ಎಂಟಕ್ಕೂ ಒಂದು ರಾತ್ರಿ ಜಾಸ್ತಿ ಬೀಳುತ್ತದೆ, ಗುರುವಾರ ಬೇರೆಯವರಿದ್ದ ಸೈಟುಗಳಲ್ಲಿ ಒಂದೇ ರಾತ್ರಿಗೆ ಎರಡು ಬುಕಿಂಗ್ ಆಗುತ್ತದೆ. ಕೆಲವು ಸಾಫ್ಟ್‌ವೇರುಗಳು ಕೇಳುವುದೂ ಇಲ್ಲ, ತಮ್ಮ ಪಾಡಿಗೆ ಒಂದಕ್ಕೆ ಮಾತ್ರ ಅಥವಾ ಎಲ್ಲಕ್ಕೂ ಮಾಡಿಬಿಡುತ್ತವೆ. ನಿಮ್ಮದು ಯಾವ ಥರ ಅಂತ ತಿಳಿಯಲು ಜನ ಬರದ ಸೀಸನ್ನಿನ ತಾರೀಕಿಗೆ ಮೂರು ಸೈಟಿನ ಒಂದು ಟೆಸ್ಟ್ ಗುಂಪು ಮಾಡಿ, ಕಾರ್ಡು ಹಾಕದೆ, ತಾರೀಕು ಬದಲಿಸಿ, ಒಂದನ್ನು ರದ್ದು ಮಾಡಿ, ಲೀಡರನ್ನೇ ರದ್ದು ಮಾಡಿ ನೋಡಿ. ಇಮೇಲ್ ಯಾರಿಗೆ ಹೋಗುತ್ತದೆ ಅನ್ನುವುದೂ ಆಗಲೇ ಗೊತ್ತಾಗುತ್ತದೆ, ಟೆಸ್ಟ್ ಬುಕಿಂಗಿಗೆ ನಿಮ್ಮದೇ ಇಮೇಲ್ ಹಾಕಿ.

ಲೀಡರೇ ಬರುವುದಿಲ್ಲ ಅಂದಾಗ ಮೊದಲು ಗುಂಪಿನ ಇನ್ನೊಬ್ಬರ ಬುಕಿಂಗನ್ನು ಮುಖ್ಯ ಬುಕಿಂಗ್ ಅಂತ ಮಾಡಿ, ಆಮೇಲೆ ಹಳೆಯ ಲೀಡರ್ ಸೈಟನ್ನು ರದ್ದು ಮಾಡಿ. ಕ್ರಮ ತಿರುಗಿದರೆ ಇಡೀ ಗುಂಪು ರದ್ದಾಗಬಹುದು, ಅಥವಾ ಲಿಂಕ್ ಕಳಚಿ ಏಳು ಬುಕಿಂಗ್ ಚೆಲ್ಲಾಪಿಲ್ಲಿ ಆಗಬಹುದು.

ಗುಂಪಿನ ಇನ್ಯಾರೋ ಒಬ್ಬರು ರದ್ದು ಮಾಡಿದರೆ, ವಾಪಸ್ ಕೊಡಬೇಕಾದ ಅಡ್ವಾನ್ಸ್ ಯಾರದು? ಕಟ್ಟಿದ್ದು ಲೀಡರ್ ಕಾರ್ಡಿನಿಂದ, ಹಾಗಾಗಿ ಹೋಗಬೇಕಾದ್ದೂ ಅದೇ ಕಾರ್ಡಿಗೆ. ಫೋನ್ ಮಾಡಿದವರು ನನ್ನ ಖಾತೆಗೆ ಹಾಕಿ ಅಂದರೆ ನಯವಾಗಿ ಇಲ್ಲ ಅನ್ನಿ, ಲೀಡರಿಗೆ ತಿಳಿಸಿ. ಅವರವರ ನಡುವಿನ ಲೆಕ್ಕ ಅವರೇ ನೋಡಿಕೊಳ್ಳಲಿ.

ಇಮೇಲ್ ಬಗ್ಗೆ ಇನ್ನೊಂದು ಮಾತು. ಪ್ರತಿಯೊಬ್ಬರಿಗೂ ಅವರ ಸೈಟು, ಅವರ ಬಾಕಿ ಮಾತ್ರ ಹೋಗಲಿ. ಗುಂಪಿನ ಪೂರ್ತಿ ಪಟ್ಟಿ ಲೀಡರಿಗೆ ಹೋಗುವುದು ಸರಿ, ಆದರೆ ಅದರಲ್ಲಿ ಉಳಿದವರ ಫೋನ್ ನಂಬರ್, ಮನೆ ವಿಳಾಸ ಇರಬೇಕಾಗಿಲ್ಲ.

ಬರುವ ದಿನ

ಹಿಂದಿನ ಸಂಜೆ ಆಗಮನದ ಪಟ್ಟಿಯನ್ನು ಗುಂಪಿನ ಪ್ರಕಾರ ಜೋಡಿಸಿ ನೋಡಿ. ಹೆಸರು, ಸೈಟು, ಲಾಕ್, ಬಾಕಿ ಇಷ್ಟರ ಮೇಲೆ ಕಣ್ಣಾಡಿಸಿದರೆ ಸಾಕು. ಎಂಟರ ಬದಲು ಏಳೇ ಕಂಡರೆ ಒಂದರ ಲಿಂಕ್ ಕಳಚಿದೆ ಅಥವಾ ತಾರೀಕು ಬೇರೆ ಇದೆ ಅಂತ ಅರ್ಥ.

ಮೊದಲು ಬಂದವರನ್ನು ಚೆಕ್ ಇನ್ ಮಾಡುವಾಗ ಎಲ್ಲರನ್ನೂ ಒಟ್ಟಿಗೆ ಚೆಕ್ ಇನ್ ಮಾಡುವ ಬಟನ್ ಒತ್ತಬೇಡಿ. ಬಾರದವರೂ ಬಂದಂತೆ ದಾಖಲಾಗುತ್ತದೆ. ರಾತ್ರಿ ಬೆಂಕಿ, ಬಿರುಗಾಳಿ ಅಂತ ಏನಾದರೂ ಆಗಿ ಜನರನ್ನು ಎಣಿಸಬೇಕಾದರೆ ಆ ಪಟ್ಟಿ ನಿಜ ಹೇಳಬೇಕು. ಗಾಡಿ ಒಳಗೆ ಬಂದ ಹಾಗೆ ಒಂದೊಂದಾಗಿ ಮಾಡಿ, ಗಾಡಿ ನಂಬರನ್ನೂ ಆಗಲೇ ಸೇರಿಸಿ.

ಹೊರಡುವಾಗಲೂ ಒಂದೊಂದೇ. ಕೊನೆಯವರು ಹೋದ ಮೇಲೆ ಗುಂಪಿನ ಒಟ್ಟು ಬಾಕಿ ಸೊನ್ನೆ ಇದೆಯಾ, ಯಾರ ಲೆಕ್ಕದಲ್ಲಾದರೂ ಹೆಚ್ಚಿಗೆ ದುಡ್ಡು ಉಳಿದಿದೆಯಾ ಅಂತ ಎರಡನ್ನೂ ನೋಡಿ. ಒಬ್ಬರದು ಬಾಕಿ, ಇನ್ನೊಬ್ಬರದು ಅಷ್ಟೇ ಜಮಾ ಇದ್ದರೂ ಒಟ್ಟು ಸೊನ್ನೆಯೇ ತೋರಿಸುತ್ತದೆ, ಅದಕ್ಕೇ ಪ್ರತಿ ಬುಕಿಂಗಿನ ಸಾಲನ್ನೂ ಓದಬೇಕು. ಮುಂದಿನ ವರ್ಷಕ್ಕೂ ಅವರು ಇದೇ ಸೈಟು ಕೇಳಿದರೆ ಗುಂಪನ್ನು ಕಾಪಿ ಮಾಡಬಹುದು, ಆದರೆ ಹಳೆಯ ದರ, ಹಳೆಯ ನೋಟು ಜೊತೆಗೇ ಬರಬಹುದು. ವಾರದ ದಿನವೂ ಮುಂದೆ ಸರಿದಿರುತ್ತದೆ, ಈ ವರ್ಷದ ಶುಕ್ರವಾರದ ತಾರೀಕು ಮುಂದಿನ ವರ್ಷ ಶುಕ್ರವಾರ ಬೀಳುವುದಿಲ್ಲ. ಕ್ಯಾಲೆಂಡರ್ ನೋಡಿ ತಾರೀಕು ಹಾಕಿ, ಲಾಕ್ ಮತ್ತೆ ಒತ್ತಿ.