ಕ್ಲಾಸಿಕ್ ಕಾರು ಕೊಳ್ಳುವ ಮುನ್ನ ಅಸಲು-ನಕಲು ಪರೀಕ್ಷಿಸುವ ಬಗೆ

ನೋಡಲು ಒಂದೇ ತೆರನಾದ ಎರಡು ಹಳೆಯ ಕಾರುಗಳಲ್ಲಿ ಒಂದು ಸಾಧಾರಣ ಮಾದರಿಯದಾಗಿದ್ದು, ಇನ್ನೊಂದು ಅಪರೂಪದ ಎಂಜಿನ್ ಹೊತ್ತು ಕಾರ್ಖಾನೆಯಿಂದ ಬಂದದ್ದಾದರೆ, ಅವುಗಳ ಬೆಲೆಯ ಅಂತರ ಹಲವು ಪಟ್ಟು ಇರುತ್ತದೆ. ಬ್ಯಾಡ್ಜ್, ಬಣ್ಣ, ಸೀಟಿನ ಹೊದಿಕೆಗಳನ್ನು ಬದಲಿಸಿ ಮೊದಲನೆಯದನ್ನು ಎರಡನೆಯದೆಂದು ಮಾರುವವರಿಗೆ ಆ ಅಂತರವೇ ಬಂಡವಾಳ. ಆದ್ದರಿಂದ ಕಾರಿನ ಅಂದಕ್ಕೆ ಮನಸೋಲುವ ಮೊದಲು ಅದರ ಸಂಖ್ಯೆಗಳನ್ನು ಓದಬೇಕು.

ಅಮೆರಿಕದಲ್ಲಿ 17 ಅಕ್ಷರಾಂಕಗಳ ಏಕರೂಪದ ವಾಹನ ಗುರುತಿನ ಸಂಖ್ಯೆ ಜಾರಿಗೆ ಬಂದದ್ದು 1981ರ ಮಾದರಿಗಳಿಂದ. ಅದಕ್ಕೂ ಹಿಂದೆ ತಯಾರಕರು ತಮ್ಮ ತಮ್ಮ ಪದ್ಧತಿಯನ್ನೇ ಅನುಸರಿಸುತ್ತಿದ್ದುದರಿಂದ, ನೀವು ಕೊಳ್ಳಲಿರುವ ಮಾದರಿಯ ಪದ್ಧತಿಯನ್ನು ಮೊದಲೇ ಅರಿತಿರಬೇಕು. ಅಮೆರಿಕದ ಪಾಂಟಿಯಾಕ್ ಕಂಪನಿಯ ಜಿಟಿಒ ಎಂಬ ಕಾರು ಇದಕ್ಕೆ ಒಳ್ಳೆಯ ಉದಾಹರಣೆ. 1966ರಿಂದ 1971ರವರೆಗಿನ ಜಿಟಿಒಗಳ ಸಂಖ್ಯೆ 242 ಎಂದು ಆರಂಭವಾಗುತ್ತದೆ. 1964 ಮತ್ತು 1965ರ ಕಾರುಗಳಲ್ಲಿ ಸಂಖ್ಯೆಯೊಂದರಿಂದಲೇ ಅದು ನಿಜವಾದ ಜಿಟಿಒ ಹೌದೋ ಅಲ್ಲವೋ ತಿಳಿಯದು. ಅಂಥ ಕಡೆ ಕಾರ್ಖಾನೆಯ ದಾಖಲೆ ಬೇಕೇ ಬೇಕು, ಅದನ್ನೂ ಮಾರುವವರ ಕೈಯಿಂದ ಪಡೆಯದೆ ದಾಖಲೆ ಒದಗಿಸುವವರಿಂದ ನೀವೇ ತರಿಸಿಕೊಳ್ಳಬೇಕು.

‘ಮೂಲ ಎಂಜಿನ್’ ಎಂಬ ಮಾತನ್ನು ಎಂಜಿನ್ ಬ್ಲಾಕಿನ ಮೇಲೆಯೇ ಪರೀಕ್ಷಿಸಬಹುದು. ಅರವತ್ತರ ದಶಕದ ಷೆವರ್ಲೆ ವಿ8 (ಎಂಟು ಸಿಲಿಂಡರಿನ) ಎಂಜಿನ್ ಬ್ಲಾಕುಗಳಲ್ಲಿ ಸಂಖ್ಯೆ ಒತ್ತಿರುವ ಸಣ್ಣ ಸಮತಟ್ಟು ಜಾಗವನ್ನು ಒರೆಸಿ, ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟರೆ, ಕಾರ್ಖಾನೆಯ ಯಂತ್ರ ಉಳಿಸಿದ ಕೂದಲೆಳೆಯಂಥ ಸಮಾನಾಂತರ ಗೆರೆಗಳು ಕಾಣುತ್ತವೆ. ಆ ಗೆರೆಗಳಿಲ್ಲದೆ ಜಾಗ ನುಣುಪಾಗಿದ್ದರೆ, ಅಥವಾ ಉಜ್ಜಿದ ವೃತ್ತಾಕಾರದ ಗೀರುಗಳಿದ್ದರೆ, ಹಳೆಯ ಸಂಖ್ಯೆ ಅಳಿಸಿ ಹೊಸದನ್ನು ಒತ್ತಿರುವ ಶಂಕೆಗೆ ಕಾರಣವಿದೆ. ಪ್ರಾಮಾಣಿಕ ರಿಪೇರಿಯಲ್ಲೂ ಆ ಮೇಲ್ಮೈಯನ್ನು ಹೆರೆಯುವುದುಂಟು. ಆದರೆ ಹಾಗೆ ಮಾಡಿಸಿದವರ ಬಳಿ ಸಾಮಾನ್ಯವಾಗಿ ಅದರ ಬಿಲ್ ಇರುತ್ತದೆ, ನೀವು ಕೇಳುವ ಮೊದಲೇ ಅವರು ಹೇಳಿಬಿಡುತ್ತಾರೆ.

ಮುಂದಿನದು ಬಾಡಿ. ತೆಳುವಾದ ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಗಿಲ ಕೆಳಗಿನ ಪಟ್ಟಿ ಮತ್ತು ಚಕ್ರದ ಕಮಾನಿನ ಅಂಚಿಗೆ ಹಿಡಿದು ನೋಡಿ. ನಾನು ಕೊಳ್ಳಲು ಹೊರಟಿದ್ದ ಒಂದು ಕಾರಿನಲ್ಲಿ ಬಾಗಿಲಿಗೆ ಗಟ್ಟಿಯಾಗಿ ಅಂಟಿದ್ದ ಅಯಸ್ಕಾಂತ ಒಂದು ಗೇಣು ಕೆಳಗಿಳಿಯುತ್ತಲೇ ಜಾರಿ ನೆಲಕ್ಕೆ ಬಿತ್ತು. ಹೊಳೆಯುವ ಬಣ್ಣದ ಕೆಳಗಿದ್ದದ್ದು ತುಕ್ಕನ್ನು ಮುಚ್ಚಿದ್ದ ದಪ್ಪ ಪುಟ್ಟಿ. ಫೈಬರ್‌ಗ್ಲಾಸ್ ಬಾಡಿಯ ಕಾರ್ವೆಟ್‌ನಂಥ ಕಾರುಗಳಿಗೆ ಈ ಪರೀಕ್ಷೆ ಉಪಯೋಗವಿಲ್ಲ. ಕಾರ್ಪೆಟ್ ಎತ್ತಿ ನೋಡಲು, ಕಾರನ್ನು ಮೇಲೆತ್ತಿಸಿ ಚಾಸಿಯ ಬೆಸುಗೆ ಪರಿಶೀಲಿಸಲು ಬಿಡದಿದ್ದರೆ ಅಲ್ಲಿಂದಲೇ ಹಿಂದಿರುಗಿ.

ಕಾರು ಓಡಿದ ದೂರ ತೋರಿಸುವ ಆ ಕಾಲದ ಅನೇಕ ಓಡೋಮೀಟರುಗಳಲ್ಲಿ ಐದೇ ಅಂಕಿಗಳಿದ್ದು, 99,999 ದಾಟಿದರೆ ಅವು ಮತ್ತೆ ಸೊನ್ನೆಗೆ ಬರುತ್ತವೆ. ಹಾಗಾಗಿ ಕಡಿಮೆ ಓಟದ ಮಾತನ್ನು ಹಳೆಯ ಸರ್ವಿಸ್ ಬಿಲ್ಲುಗಳೊಂದಿಗೂ ಪೆಡಲ್ ರಬ್ಬರಿನ ಸವೆತದೊಂದಿಗೂ ತಾಳೆ ನೋಡಿ.

ಹಣದ ವಿಷಯದಲ್ಲಿ, ಕಾರನ್ನು ಕಣ್ಣಾರೆ ನೋಡದೆ ಮುಂಗಡ ಕೊಡಬೇಡಿ. ಮಾರುವವರೇ ಸೂಚಿಸುವ ಎಸ್ಕ್ರೋ ಜಾಲತಾಣ (ವ್ಯವಹಾರ ಮುಗಿಯುವವರೆಗೆ ಹಣವನ್ನು ಮಧ್ಯಸ್ಥರಾಗಿ ಇಟ್ಟುಕೊಳ್ಳುವ ತಾಣ) ಅವರೇ ಕಟ್ಟಿದ ನಕಲಿಯಾಗಿರಬಹುದು. ಮಾಲೀಕತ್ವದ ಪತ್ರದಲ್ಲಿರುವ ಹೆಸರು ಮಾರುವವರ ಗುರುತಿನ ಚೀಟಿಯಲ್ಲೂ, ಅದರಲ್ಲಿರುವ ಸಂಖ್ಯೆ ಲೋಹದ ಮೇಲೂ ಇರಬೇಕು. ‘ಇದ್ದ ಸ್ಥಿತಿಯಲ್ಲಿ ಮಾರಾಟ’ ಎಂಬ ಸಾಲಿರುವ ಕರಾರಿಗೆ ಸಹಿ ಹಾಕಿದ ಮೇಲೆ ಬಾಯಿಮಾತಿನ ಭರವಸೆಯನ್ನು ಸಾಬೀತುಪಡಿಸುವುದು ಬಹಳ ಕಷ್ಟ. ಆದ್ದರಿಂದ ಮಾದರಿ, ಎಂಜಿನ್, ಓಟ ಇವುಗಳ ಬಗ್ಗೆ ಅವರು ಹೇಳಿದ್ದೆಲ್ಲವನ್ನೂ ಅದೇ ಕರಾರಿನಲ್ಲಿ ಅವರ ಸಹಿಯೊಂದಿಗೆ ಬರೆಸಿಕೊಂಡ ನಂತರವೇ ಹಣ ಪಾವತಿಸಿ.