ವೀಣೆಯ ಹನ್ನೆರಡನೆಯ ಮೆಟ್ಟಿಲು: ಸ್ಥಾಯಿಯನ್ನು ನಾನು ಕೂರಿಸುವ ಬಗೆ

ವೀಣೆಗೆ ಮೇಳ ಕಟ್ಟುವಾಗ, ಅಂದರೆ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸುವಾಗ, ನಾನು ಮೊದಲು ಕೂರಿಸುವುದು ಹನ್ನೆರಡನೆಯ ಮೆಟ್ಟಿಲನ್ನು. ಮೇರುವಿನ (ಬಿರಡೆಗಳ ಕಡೆ ತಂತಿ ಹಾಯುವ ಪಟ್ಟಿಯ) ಕಡೆಯಿಂದ ಒಂದೊಂದಾಗಿ ಕೂರಿಸುತ್ತ ಬಂದರೆ ಪ್ರತಿ ಮೆಟ್ಟಿಲಿನ ಚಿಕ್ಕ ತಪ್ಪೂ ಮುಂದಿನದಕ್ಕೆ ಸೇರಿಕೊಳ್ಳುತ್ತದೆ. ತಾರಷಡ್ಜ, ಅಂದರೆ ಮೇಲಿನ ‘ಸ’, ತಲುಪುವಷ್ಟರಲ್ಲಿ ಸ್ಥಾಯಿಯ (‘ಸ’ದಿಂದ ಮೇಲಿನ ‘ಸ’ದವರೆಗಿನ ಹರವಿನ) ಅಳತೆಯೇ ಕೆಟ್ಟಿರುತ್ತದೆ. ರಿಷಭ, ಗಾಂಧಾರಗಳು ಕೂದಲೆಳೆಯಷ್ಟು ಇಳಿದಿದ್ದರೆ ತಂತಿ ಎಳೆದು ಸರಿಮಾಡಿಕೊಳ್ಳಬಹುದು. ಷಡ್ಜ, ಪಂಚಮಗಳು ಅಲುಗದೆ ನಿಲ್ಲಬೇಕಾದ ಸ್ವರಗಳು. ಅದರಲ್ಲೂ ತಾರಷಡ್ಜ ಏರಿಬಿಟ್ಟಿದ್ದರೆ ಯಾವ ಬೆರಳೂ ಅದನ್ನು ಇಳಿಸಲಾರದು. ಒತ್ತದೆ ಬರಿದೆ ಮೀಟುವ ತಾಳದ ತಂತಿಗಳು ಪಕ್ಕದಲ್ಲೇ ಮೊಳಗುತ್ತ ಆ ತಪ್ಪನ್ನು ಸಾರುತ್ತಲೇ ಇರುತ್ತವೆ.

ಮೆಟ್ಟಿಲುಗಳ ಮೇಲೆ ನುಡಿಸುವ ನಾಲ್ಕು ತಂತಿಗಳಲ್ಲಿ ಮೊದಲನೆಯದಾದ ಸಾರಣಿಯ ಷಡ್ಜ 160 ಹರ್ಟ್ಸ್ ಎಂದಿಟ್ಟುಕೊಳ್ಳಿ. ಆಗ ಪಂಚಮದ ತಂತಿ 120, ಮಂದ್ರ 80, ಅನುಮಂದ್ರ 60. ತಾಳದ ತಂತಿಗಳಲ್ಲಿ ಪಕ್ಕಸಾರಣಿ 160, ಪಕ್ಕಪಂಚಮ 240, ಹೆಚ್ಚುಸಾರಣಿ 320. ಸಾರಣಿಯ ಮೇಲೆ ಹನ್ನೆರಡನೆಯ ಮೆಟ್ಟಿಲು 320, ಇಪ್ಪತ್ತನಾಲ್ಕನೆಯದು 640. ಅನುಮಂದ್ರ ಪಂಚಮದಿಂದ ಅತಿತಾರ ಷಡ್ಜದವರೆಗೆ ಮೂರು ಸ್ಥಾಯಿಗೂ ಮೀರಿದ ಹರವು ಇದು.

ಮೊದಲ ಕೆಲಸ ಹೊಸ ತಂತಿ. ತುಕ್ಕು ಹಿಡಿದ, ಒಂದೇ ಕಡೆ ಸವೆದ ತಂತಿಯ ಮೇಲೆ ಸ್ಥಾಯಿ ಕೂರುವುದೇ ಇಲ್ಲ. ಅದರ ಭಾರ ಉದ್ದಕ್ಕೂ ಒಂದೇ ಸಮ ಇರದ ಕಾರಣ ಅರ್ಧದಲ್ಲಿ ಒತ್ತಿದರೂ ದುಪ್ಪಟ್ಟು ಬರುವುದಿಲ್ಲ. ತಂತಿ ಕಟ್ಟಿ, ಶ್ರುತಿಗೇರಿಸಿ, ಒಂದು ರಾತ್ರಿ ಬಿಟ್ಟು ಮತ್ತೆ ಶ್ರುತಿ ಮಾಡಿದ ಮೇಲೆ ಅಳತೆ ಹಿಡಿಯುತ್ತೇನೆ. ಅಳೆಯುವುದು ಮೇರುವಿನ ಅಂಚಿನಿಂದ, ಇನ್ನೊಂದು ತುದಿಯಲ್ಲಿ ತಂತಿಗಳನ್ನು ಹೊರುವ ಕುದುರೆಯ ಕಂಚಿನ ತಗಡನ್ನು ತಂತಿ ಬಿಡುವ ಜಾಗದವರೆಗೆ. ಈ ಉದ್ದ 84 ಸೆಂ.ಮೀ. ಇದ್ದರೆ ಲೆಕ್ಕದ ಪ್ರಕಾರ ಮಧ್ಯಮ 21ರಲ್ಲಿ, ಪಂಚಮ 28ರಲ್ಲಿ, ತಾರಷಡ್ಜ 42ರಲ್ಲಿ, ತಾರಪಂಚಮ 56ರಲ್ಲಿ, ಅತಿತಾರ ಷಡ್ಜ 63ರಲ್ಲಿ.

ಲೆಕ್ಕದ ಜಾಗದಲ್ಲೇ ಕೂರಿಸಿದರೆ ಮೆಟ್ಟಿಲು ಏರಿದ ಸ್ವರ ಕೊಡುತ್ತದೆ. ಒತ್ತಿದಾಗ ತಂತಿ ಬಿಗಿಯಾಗುವುದೇ ಕಾರಣ. ಹಾಗಾಗಿ ಹನ್ನೆರಡನೆಯದನ್ನು ಎರಡು ಮೂರು ಮಿ.ಮೀ. ಮೇರುವಿನ ಕಡೆಗೆ ಸರಿಸಿ ಶುರು ಮಾಡುತ್ತೇನೆ. ಉಳಿದದ್ದು ಕಿವಿಯ ಕೆಲಸ. ಸಾರಣಿಯ ನಟ್ಟನಡುವೆ ಬೆರಳನ್ನು ಒತ್ತದೆ ಬರಿದೆ ಸೋಕಿಸಿ ಮೀಟಿದರೆ ತಂತಿ ತಾನಾಗಿಯೇ ತಾರಷಡ್ಜ ನುಡಿಯುತ್ತದೆ. ವಿಜಯನಗರದ ರಾಮಾಮಾತ್ಯ 1550ರ ‘ಸ್ವರಮೇಳಕಲಾನಿಧಿ’ಯಲ್ಲಿ ಸ್ವಯಂಭೂ (ತಾವಾಗಿಯೇ ಹುಟ್ಟುವ) ಸ್ವರಗಳ ಮಾತೆತ್ತುವುದು ಇಂಥ ನಾದವನ್ನು ಇಟ್ಟುಕೊಂಡೇ ಎಂದು ನಾನು ಓದಿಕೊಂಡಿದ್ದೇನೆ. ಈ ನಾದ ಕೇಳಿ, ಕೂಡಲೇ ಮೆಟ್ಟಿಲಿನ ಮೇಲೆ ಒತ್ತಿ ಮೀಟಿ. ಒತ್ತಿದ್ದು ಏರಿದ್ದರೆ ಮೆಟ್ಟಿಲು ಮೇರುವಿನ ಕಡೆಗೆ, ಇಳಿದಿದ್ದರೆ ಕುದುರೆಯ ಕಡೆಗೆ ಹೋಗಬೇಕು.

ಆಮೇಲೆ ಹೆಚ್ಚುಸಾರಣಿಯ ಜೊತೆ ಕೂಡಿಸಿ ಮೀಟುತ್ತೇನೆ. ಒಂದು 320, ಇನ್ನೊಂದು 322 ಇದ್ದರೆ ಸೆಕೆಂಡಿಗೆ ಎರಡು ಸಲ ನಾದ ಉಬ್ಬಿ ತಗ್ಗುತ್ತದೆ. ಆ ಅಲುಗಾಟ ನಿಧಾನವಾಗುತ್ತ ಪೂರ್ತಿ ನಿಂತುಹೋಗುವವರೆಗೂ ಮೆಟ್ಟಿಲು ಸರಿಸಬೇಕು. ಹನ್ನೆರಡನೆಯ ಮೆಟ್ಟಿಲಿನಲ್ಲಿ ಒಂದು ಮಿ.ಮೀ. ತಪ್ಪಿದರೆ ಮುಕ್ಕಾಲು ಹರ್ಟ್ಸ್ ವ್ಯತ್ಯಾಸ. ಇಪ್ಪತ್ತನಾಲ್ಕರಲ್ಲಿ ಅದೇ ಒಂದು ಮಿ.ಮೀ. ಮೂರು ಹರ್ಟ್ಸ್ ಆಗುತ್ತದೆ. ಮೇಲಿನ ಮೆಟ್ಟಿಲುಗಳಿಗೆ ಕೈ ಅಷ್ಟು ಹಗುರವಾಗಿರಬೇಕು. ಮೊಬೈಲ್ ಟ್ಯೂನರ್ ಬಳಸುವುದು ತೆರೆದ ತಂತಿಗಳಿಗೆ ಸಾಕು. ಮೆಟ್ಟಿಲಿನ ಮೇಲೆ, ಬೆರಳು ಒತ್ತುವ ಭಾರಕ್ಕೇ ಅದರ ಮುಳ್ಳು ಅತ್ತಿತ್ತ ಓಡಾಡುತ್ತದೆ.

ಒಂದೇ ತಂತಿಗೆ ಸರಿಯಾದರೆ ಮುಗಿಯಲಿಲ್ಲ. ಮಂದ್ರದ ತಂತಿಯ ಮೇಲೆ ಅದೇ ಮೆಟ್ಟಿಲು ತೆರೆದ ಸಾರಣಿಗೆ, ಪಂಚಮದ ತಂತಿಯ ಮೇಲೆ ಪಕ್ಕಪಂಚಮಕ್ಕೆ ಸೇರಬೇಕು. ಕೆಳಗಿನ ದಪ್ಪ ಹಿತ್ತಾಳೆ ತಂತಿ ಒತ್ತಿದಾಗ ಹೆಚ್ಚು ಏರುವುದುಂಟು. ಆಗ ಮೆಟ್ಟಿಲಿನ ಆ ತುದಿಯನ್ನು ಮಾತ್ರ ಮೇರುವಿನ ಕಡೆಗೆ ಓರೆ ಮಾಡಬೇಕು. ಎರಡೂ ಒಪ್ಪದಿದ್ದರೆ ನಾನು ಸಾರಣಿಯ ಪಕ್ಷ, ಏಕೆಂದರೆ ನುಡಿಸಾಣಿಕೆಯ ಬಹುಪಾಲು ಅದರ ಮೇಲೆಯೇ.

ಮೇಣದ ಹದ ಕೆಟ್ಟರೆ ಇಷ್ಟೆಲ್ಲ ಮಾಡಿಯೂ ವ್ಯರ್ಥ. ಜೇನುಮೇಣ, ರಾಳದ ಪುಡಿ, ನಯವಾಗಿ ಅರೆದ ಇದ್ದಿಲ ಪುಡಿ ಸೇರಿಸಿ ಕಾಯಿಸುತ್ತಾರೆ. ರಾಳ ಹೆಚ್ಚಾದರೆ ಚಳಿಯಲ್ಲಿ ಬಿರುಕು ಬಿಟ್ಟು ಮೆಟ್ಟಿಲು ಕಳಚಿಕೊಳ್ಳುತ್ತದೆ. ಕಡಿಮೆಯಾದರೆ ಬೇಸಿಗೆಯಲ್ಲಿ ಮೆತ್ತಗಾಗಿ, ಗಮಕಕ್ಕಾಗಿ ತಂತಿ ಎಳೆದಂತೆಲ್ಲ ಮೆಟ್ಟಿಲು ಕುಸಿಯುತ್ತದೆ. ಕುಸಿದ ಮೆಟ್ಟಿಲಿಗೆ ತಂತಿಯನ್ನು ಆಳಕ್ಕೆ ಒತ್ತಬೇಕಾಗಿ ಸ್ವರ ಏರುತ್ತದೆ. ಜೊತೆಗೆ ಮುಂದಿನ ಮೆಟ್ಟಿಲು ಎತ್ತರವಾಗಿ ತಂತಿ ಅದಕ್ಕೆ ತಾಗಿ ಕರಕರ ಎನ್ನುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ವೀಣೆ ಬಿಡಲೇಬಾರದು.

ಹನ್ನೆರಡು ನಿಂತ ಮೇಲೆ ಏಳು, ಐದು, ನಾಲ್ಕು, ಹನ್ನೊಂದು ಹೀಗೆ ಮಧ್ಯಸ್ಥಾಯಿ ತುಂಬುತ್ತೇನೆ. ಇಲ್ಲಿ ನನಗೆ ತುಂಬ ನೆರವಾಗುವುದು ಮಾಯಾಮಾಳವಗೌಳ. ಪುರಂದರದಾಸರು ಮೊದಲ ಪಾಠವಾದ ಸರಳೆ ವರಸೆಗೆ ಈ ರಾಗವನ್ನು ಆರಿಸಿದರೆಂಬುದು ಸಂಪ್ರದಾಯ. ಸ ರಿ ಗ ಮ ಬರುವುದು ತೆರೆದ ತಂತಿ, 1, 4, 5ರಲ್ಲಿ. ಪ ದ ನಿ ಸ 7, 8, 11, 12ರಲ್ಲಿ. ಎರಡು ತುಂಡಿನ ಅಂತರಗಳೂ ಒಂದೇ. ಕೆಳಗಿನದನ್ನು ನುಡಿಸಿ ಮೇಲಿನದನ್ನು ನುಡಿಸಿದರೆ ಅದೇ ಮಾತನ್ನು ಮೇಲಿನಿಂದ ಹೇಳಿದಂತಿರಬೇಕು. ಎಲ್ಲಿ ಮುಖ ಬೇರೆಯಾಗಿ ಕೇಳುತ್ತದೋ ಆ ಮೆಟ್ಟಿಲಿನದೇ ತಪ್ಪು.

ಸಾಹಿತ್ಯ ನುಡಿಸುವಾಗಲೂ ಸ್ಥಾಯಿಯ ಮಹತ್ವ ಹೀಗೇ ಗೊತ್ತಾಗುತ್ತದೆ. ಎಷ್ಟೋ ಕೃತಿಗಳಲ್ಲಿ ಪಲ್ಲವಿ ಕೆಳಗೆ ಓಡಾಡಿ ಅನುಪಲ್ಲವಿ ತಾರಷಡ್ಜ ಮುಟ್ಟುತ್ತದೆ. ಎರಡನ್ನೂ ಕಟ್ಟಿಹಾಕಿರುವುದು ದ್ವಿತೀಯಾಕ್ಷರ ಪ್ರಾಸ, ಅಂದರೆ ಹಳಗನ್ನಡ ಕಾವ್ಯದ ಆದಿಪ್ರಾಸ. ಕೆಳಗೆ ಕೇಳಿದ ಅಕ್ಷರವೇ ಎತ್ತರದಲ್ಲಿ ಮರಳಿ ಬರುತ್ತದೆ. ಆ ಅಕ್ಷರಕ್ಕೆ ಮೀಟು ಸ್ಪಷ್ಟವಾಗಿ ಬಿದ್ದು, ತಾರಷಡ್ಜ ನಿಖರವಾಗಿದ್ದರೆ ಪ್ರಾಸ ವೀಣೆಯಲ್ಲೂ ಕೇಳುತ್ತದೆ.

ಶಾರ್ಙ್ಗದೇವನ ‘ಸಂಗೀತ ರತ್ನಾಕರ’ 13ನೇ ಶತಮಾನದ್ದು. ಮಂದ್ರ ಹೃದಯದಲ್ಲಿ, ಮಧ್ಯ ಕಂಠದಲ್ಲಿ, ತಾರ ಶಿರಸ್ಸಿನಲ್ಲಿ, ಒಂದಕ್ಕಿಂತ ಮುಂದಿನದು ದ್ವಿಗುಣ ಎನ್ನುತ್ತದೆ ಅದು. ತಂತಿಯ ಅರ್ಧವೂ ದೇಹದ ಮೂರು ನೆಲೆಗಳೂ ಅಲ್ಲಿ ಒಂದೇ ಉಸಿರಿನಲ್ಲಿ ಬಂದಿವೆ. ಪಾಣಿನೀಯ ಶಿಕ್ಷೆ ಇದನ್ನು ಯಜ್ಞದ ಹೊತ್ತುಗಳಿಗೇ ಹಂಚುತ್ತದೆ: ಪ್ರಾತಃಕಾಲದ ಪಠಣ ಎದೆಯಿಂದ, ಹುಲಿಯ ಗರ್ಜನೆಯಂತೆ, ಮಧ್ಯಾಹ್ನ ಕಂಠದಿಂದ, ಚಕ್ರವಾಕದಂತೆ, ಸಂಜೆಯ ಹೊತ್ತಿನ ಮೂರನೆಯ ಸವನದಲ್ಲಿ ಶಿರಸ್ಸಿನಿಂದ, ನವಿಲು, ಹಂಸ, ಕೋಗಿಲೆಗಳಂತೆ. ವೈದಿಕರಿಗೆ ದಿನವೇ ಮೂರು ಸ್ಥಾಯಿಗಳ ಏರಿಕೆಯಾಗಿತ್ತು. ನಾದೋಪಾಸನೆ ಎಂಬ ಮಾತನ್ನು ನಾನು ನಂಬುವುದು ಇಂಥ ನಿಖರತೆಯಿಂದಾಗಿಯೇ.

13ರಿಂದ 24ರವರೆಗಿನ ಮೆಟ್ಟಿಲುಗಳಿಗೆ ಪ್ರತ್ಯೇಕ ಅಳತೆ ಬೇಡ. ಒಂದನೆಯ ಮೆಟ್ಟಿಲಿಗೂ ಕುದುರೆಗೂ ನಟ್ಟನಡುವೆ ಹದಿಮೂರು, ಎರಡನೆಯದಕ್ಕೂ ಕುದುರೆಗೂ ನಡುವೆ ಹದಿನಾಲ್ಕು, ಹೀಗೆ. ಇಲ್ಲೂ ಒತ್ತಿದಾಗಿನ ಏರಿಕೆಗೆ ತಕ್ಕಂತೆ ಕಿವಿಯಿಂದ ತಿದ್ದಬೇಕು. ಸಾರಣಿಯ ನಾಲ್ಕನೆಯ ಮೆಟ್ಟಿಲನ್ನೂ ಮಂದ್ರದ ತಂತಿಯ ಹದಿನಾರನೆಯದನ್ನೂ ಮೀಟಿದರೆ ಒಂದೇ ಸ್ವರ ಬರಬೇಕು. ಇಪ್ಪತ್ತನಾಲ್ಕಕ್ಕೆ ಹೆಚ್ಚುಸಾರಣಿಯ ನಡುವೆ ಬೆರಳು ಸೋಕಿಸಿ ಬರುವ ನಾದವೇ ಸಾಕ್ಷಿ.

ಮೇಣ ಪೂರ್ತಿ ಗಟ್ಟಿಯಾಗುವ ತನಕ ದೊಡ್ಡ ಗಮಕ ಬೇಡ. ಮಾರನೆಯ ದಿನ 12, 7, 19, 24 ಈ ನಾಲ್ಕನ್ನು ಮತ್ತೆ ನೋಡಿ. ಯಾವುದಾದರೂ ಸರಿದಿದ್ದರೆ ಅದೊಂದರ ಬುಡಕ್ಕೆ ಮಾತ್ರ ಕಾಯಿಸಿದ ಸಣ್ಣ ಕಬ್ಬಿಣದ ಕಡ್ಡಿ ತಾಗಿಸಿ ಸರಿಪಡಿಸಿ. ಅಕ್ಕಪಕ್ಕದವನ್ನು ಮುಟ್ಟಬೇಡಿ.